ಗುಳೆ ಹೋದವರ ಹಕ್ಕು, ರಾಜ್ಯದ ಹೊಣೆ

ಎಳ್ಳಮಾವಾಸ್ಯೆಯಂದು ಕಲಬುರಗಿ, ಬೀದರ, ಯಾದಗಿರಿ ಸೀಮೆಯ ರೈತಾಪಿ ಮನೆಗಳವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂತಾಯಿಗೆ ಚರಗ ಚೆಲ್ಲಿ, ಬಂದವರನ್ನೆಲ್ಲ ಕೂರಿಸಿ ಉಣಬಡಿಸುತ್ತಾರೆ. ಆ ಹಬ್ಬದ ಆಸುಪಾಸಿನಲ್ಲಿಯೇ, ತೊಗರಿಯ ರಾಶಿ ಮುಗಿಯುತ್ತಿದ್ದಂತೆ, ಅದೇ ಊರುಗಳ ಅನೇಕ ಕುಟುಂಬಗಳು ಪಾತ್ರೆ ಪಗಡ, ಹಾಸಿಗೆ, ಒಂದಿಷ್ಟು ಜೋಳದ ಹಿಟ್ಟನ್ನು ಗಂಟು ಕಟ್ಟಿಕೊಂಡು ರಾತ್ರಿ ಬಸ್ಸಿಗೆ ಕಾಯುತ್ತವೆ. ಕೆಲವರು ಬೆಂಗಳೂರಿಗೆ, ಕೆಲವರು ಪುಣೆ, ಮುಂಬಯಿ, ಹೈದರಾಬಾದಿಗೆ, ಕೆಲವರು ಗೋವೆಗೆ. ಮನೆಗೆ ಬೀಗ ಬೀಳುತ್ತದೆ. ಬೀಗ ಬೀಳದ ಮನೆಗಳಲ್ಲಿ ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು ಉಳಿಯುತ್ತಾರೆ. ಇದಕ್ಕೆ ನಮ್ಮ ನಾಡಿನಲ್ಲಿ ಗುಳೆ ಎಂಬ ಹೆಸರಿದೆ. ಹಿಂದೆ ಬರಗಾಲ ಬಿದ್ದಾಗ ಕೇಳುತ್ತಿದ್ದ ಈ ಮಾತು ಈಗ ಸುಗ್ಗಿ, ಬೇಸಿಗೆಗಳಂತೆ ವರುಷದ ಒಂದು ಕಾಲದ ಹೆಸರಾಗಿಬಿಟ್ಟಿದೆ.

ಈ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕ. 2019ರ ಸೆಪ್ಟೆಂಬರಿನಲ್ಲಿ ಸರ್ಕಾರವು ಹೈದರಾಬಾದ್ ಕರ್ನಾಟಕವೆಂಬ ಹಳೆಯ ಹೆಸರನ್ನು ಬದಲಿಸಿ, ಬಸವಣ್ಣನವರ ಕಲ್ಯಾಣವನ್ನು ನೆನಪಿಸುವ ಈ ಹೆಸರನ್ನಿಟ್ಟಿತು. ಆದರೆ ಹನ್ನೆರಡನೆಯ ಶತಮಾನದ ಕಲ್ಯಾಣವು ಜನರು ಬಿಟ್ಟು ಹೋಗುತ್ತಿದ್ದ ಊರಾಗಿರಲಿಲ್ಲ, ಹುಡುಕಿಕೊಂಡು ಬರುತ್ತಿದ್ದ ಊರಾಗಿತ್ತು. ಅಲ್ಲಮಪ್ರಭುಗಳು ಬಳ್ಳಿಗಾವಿಯಿಂದ, ಅಕ್ಕಮಹಾದೇವಿಯವರು ಉಡುತಡಿಯಿಂದ ಬಂದರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದು ಕಟ್ಟಿಗೆ ಮಾರುವ ಕಾಯಕ ಹಿಡಿದರೆಂದು ಪರಂಪರೆ ಹೇಳುತ್ತದೆ. ಹಾಗೆ ಬಂದವರೆಲ್ಲರೂ ಕಾಯಕ ಮಾಡಿದರು, ದಾಸೋಹದಲ್ಲಿ ಪಾಲುಗೊಂಡರು, ಅನುಭವ ಮಂಟಪದಲ್ಲಿ ಸಮಾನರಾಗಿ ಕುಳಿತರು. ಮುಂದೆ ಕಲ್ಯಾಣ ಕ್ರಾಂತಿಯಾದಾಗ ಅದೇ ಶರಣರು ಜೀವ ಉಳಿಸಿಕೊಳ್ಳಲು, ವಚನದ ಕಟ್ಟುಗಳನ್ನು ಕಾಪಾಡಲು ಉಳವಿಯವರೆಗೂ ನಡೆದರು. ವಲಸೆಯೆಂದರೇನೆಂಬುದು ಶರಣ ಪರಂಪರೆಗೆ ಪುಸ್ತಕದಿಂದ ತಿಳಿದ ಸಂಗತಿಯಲ್ಲ.

ಆದುದರಿಂದ ಗುಳೆ ಹೋಗುವವರ ವಿಷಯದಲ್ಲಿ ರಾಜ್ಯ ಸರ್ಕಾರವು ಏನು ಮಾಡಬಲ್ಲದು, ಏನು ಮಾಡುತ್ತಿದೆ, ಎಲ್ಲಿ ತಪ್ಪುತ್ತಿದೆ ಎಂಬುದನ್ನು ಸದ್ಭಕ್ತರ ಮುಂದೆ ಇಡಬಯಸುತ್ತೇವೆ. ದುಡಿಮೆಗಾಗಿ ಊರು ಬಿಡುವುದು ತಪ್ಪಲ್ಲ. ದೇಶದ ಯಾವ ಮೂಲೆಗಾದರೂ ಹೋಗಿ ನೆಲೆಸುವ, ದುಡಿಯುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೆಯ ವಿಧಿಯೇ ಕೊಟ್ಟಿದೆ. ತಡೆಯಬೇಕಾದುದು ಗತಿಯಿಲ್ಲದೆ ಹೋಗುವ ಸ್ಥಿತಿಯನ್ನು. ಹೋದವರು ದಾರಿಯಲ್ಲಿ ತಮ್ಮ ಹಕ್ಕುಗಳನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ.

ಶರಣರ ಭಾಷೆಯಲ್ಲಿ ಎರಡು ಪದಗಳಿವೆ: ಸ್ಥಾವರ ಮತ್ತು ಜಂಗಮ. ನಿಂತಲ್ಲಿ ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ಅವುಗಳ ತಾತ್ತ್ವಿಕ ಅರ್ಥ ಇದಕ್ಕಿಂತ ಬಹಳ ದೊಡ್ಡದು. ಆದರೂ ಸರ್ಕಾರದ ಸೌಲಭ್ಯಗಳನ್ನು ಅರಿಯಲು ಈ ಎರಡು ಪದಗಳಷ್ಟು ಒಪ್ಪುವ ಅಳತೆಗೋಲು ನಮಗೆ ಬೇರೆ ಕಾಣದು. ನಮ್ಮ ಬಹುಪಾಲು ಯೋಜನೆಗಳು ಸ್ಥಾವರ. ಶಾಲೆಯ ಹಾಜರಿ ಪುಸ್ತಕ, ಅಂಗನವಾಡಿಯ ಪಟ್ಟಿ, ಉದ್ಯೋಗ ಖಾತರಿಯ ಕಾರ್ಡು, ಮತದಾರರ ಪಟ್ಟಿ, ಆಶಾ ಕಾರ್ಯಕರ್ತೆಯ ಬಳಿಯ ಗರ್ಭಿಣಿಯರ ಲೆಕ್ಕ, ಇವೆಲ್ಲವೂ ಮನುಷ್ಯನು ಒಂದೇ ಊರಿನಲ್ಲಿ ಇರುವನೆಂದು ನಂಬಿ ನಿಂತಿವೆ. ವರುಷದಲ್ಲಿ ಐದಾರು ತಿಂಗಳು ಬೇರೆಡೆ ಬದುಕುವವನು ಎರಡೂ ಕಡೆ ಗೈರುಹಾಜರಿ. ಊರಿನಲ್ಲಿ ಹೆಸರಿದೆ, ಆತನಿಲ್ಲ. ನಗರದಲ್ಲಿ ಆತನಿದ್ದಾನೆ, ಹೆಸರಿಲ್ಲ.

ಕೆಲವು ಸೌಲಭ್ಯಗಳು ಜಂಗಮವಾಗಿರುವುದನ್ನೂ ಒಪ್ಪಿಕೊಳ್ಳಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯನ್ನು ಗುಳೆ ಹೋಗುವವರಿಗೆಂದು ಯಾರೂ ರೂಪಿಸಲಿಲ್ಲ. ಆದರೆ ರಾಯಚೂರಿನ ಹೆಣ್ಣುಮಗಳು ಬೆಂಗಳೂರಿನಿಂದ ಊರಿನ ಜಾತ್ರೆಗೆ, ಕಾಯಿಲೆಯ ತಾಯಿಯನ್ನು ನೋಡಲು ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಹಣವಿಲ್ಲದೆ ಬರುವಂತಾಯಿತು. ಗೃಹಲಕ್ಷ್ಮಿಯ ಹಣ ಬ್ಯಾಂಕ್ ಖಾತೆಗೆ ಬೀಳುವುದರಿಂದ ಆಕೆ ಎಲ್ಲಿದ್ದರೂ ತಲುಪುತ್ತದೆ. ಪಡಿತರವೂ ನಡೆಯಲು ಕಲಿತಿದೆ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಗೆ ಕರ್ನಾಟಕವು 2020ರ ಜನವರಿಯಲ್ಲಿ ಸೇರಿತು. ಯಾದಗಿರಿಯ ಚೀಟಿಯಿಂದ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ, ಪುಣೆಯ ಅಂಗಡಿಯಲ್ಲಿಯೂ ಧಾನ್ಯ ಪಡೆಯಬಹುದು. ಮನೆಯವರಲ್ಲಿ ಕೆಲವರು ಊರಲ್ಲಿ, ಕೆಲವರು ನಗರದಲ್ಲಿ ತಮ್ಮ ತಮ್ಮ ಪಾಲನ್ನು ಬೇರೆಬೇರೆಯಾಗಿ ಪಡೆಯುವ ಅವಕಾಶವೂ ಇದೆ. ಇದು ಅನೇಕ ಭಕ್ತರಿಗೆ ತಿಳಿದಿಲ್ಲ. ಉತ್ತರದಲ್ಲಿ ಜೋಳ, ದಕ್ಷಿಣದಲ್ಲಿ ರಾಗಿ ಹಂಚುವುದರಿಂದ ರೊಟ್ಟಿಯ ಮನೆಯವರು ಬೆಂಗಳೂರಿನಲ್ಲಿ ರಾಗಿ ಹಿಡಿದು ನಿಲ್ಲಬೇಕಾದೀತು. ಅದು ಸಹಿಸಬಹುದಾದ ಕಷ್ಟ. ಸಹಿಸಲಾಗದ ಕಷ್ಟಗಳು ಎರಡಿವೆ. ಸಿಮೆಂಟು ಕಲಸಿ, ಇಟ್ಟಿಗೆ ಹೊತ್ತು ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಮತ್ತು ರಾಜ್ಯದ ಗಡಿ ದಾಟಿದರೆ ಕೇಂದ್ರದ ಪಾಲಿನ ಧಾನ್ಯ ಮಾತ್ರ ದೊರೆಯುತ್ತದೆ, ನಮ್ಮ ರಾಜ್ಯವು ತನ್ನ ಖರ್ಚಿನಲ್ಲಿ ಕೊಡುವ ಹೆಚ್ಚುವರಿ ಪಾಲು ಗಡಿಯಲ್ಲಿಯೇ ನಿಲ್ಲುತ್ತದೆ.

ಕಾನೂನಿನ ಮಾತಿಗೆ ಬಂದರೆ ಅಚ್ಚರಿಯ ಸಂಗತಿಯೊಂದಿದೆ. ವಲಸೆ ಕಾರ್ಮಿಕರಿಗಾಗಿ ಸಂಸತ್ತು 1979ರಲ್ಲಿ ಒಂದು ಕಾಯ್ದೆ ಮಾಡಿತು. ಗುತ್ತಿಗೆದಾರನಿಗೆ ಪರವಾನಗಿ, ಕೂಲಿಯವನ ಕೈಗೆ ಲೆಕ್ಕದ ಪುಸ್ತಕ, ಪ್ರಯಾಣದ ಭತ್ಯೆ, ವಸತಿ, ವೈದ್ಯೋಪಚಾರ, ಹೀಗೆ ಕಾಗದದ ಮೇಲೆ ಒಳ್ಳೆಯ ಮಾತುಗಳೇ ಇದ್ದವು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ಅದರ ಸ್ಥಾನಕ್ಕೆ ಬಂದಿತು. ಗುತ್ತಿಗೆದಾರನ ಮೂಲಕವಲ್ಲದೆ ತಾನಾಗಿ ಬಂದವನನ್ನೂ ವಲಸೆ ಕಾರ್ಮಿಕನೆಂದು ಅದು ಒಪ್ಪಿತು. ಅದು ಸ್ವಾಗತಾರ್ಹ. ಆದರೆ ಹಿಂದೆ ಐವರಿದ್ದಲ್ಲಿ ಅನ್ವಯಿಸುತ್ತಿದ್ದ ರಕ್ಷಣೆ ಈಗ ಹತ್ತು ಮಂದಿಯಿದ್ದರೆ ಮಾತ್ರ ಅನ್ವಯಿಸುತ್ತದೆ. ಸಣ್ಣ ಕಟ್ಟಡಗಳ ಕೆಲಸಗಾರರು ಹೊರಗುಳಿದರು. ಇದಕ್ಕಿಂತ ದೊಡ್ಡ ಕೊರತೆಯೆಂದರೆ ಹಳೆಯ ಕಾಯ್ದೆಯೂ ಹೊಸ ಸಂಹಿತೆಯೂ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದವನನ್ನಷ್ಟೇ ವಲಸೆಗಾರನೆಂದು ಕರೆಯುತ್ತವೆ. ವಿಜಯಪುರದಿಂದ ಸುಮಾರು 100 ಕಿಲೋಮೀಟರು ದೂರದ ಸೊಲ್ಲಾಪುರಕ್ಕೆ ಹೋದವನು ವಲಸೆ ಕಾರ್ಮಿಕ. ಯಾದಗಿರಿಯಿಂದ ಸುಮಾರು 500 ಕಿಲೋಮೀಟರು ದಾಟಿ ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ಆರು ತಿಂಗಳು ಕಳೆಯುವವನು ಕಾನೂನಿನ ಕಣ್ಣಿಗೆ ವಲಸೆಗಾರನೇ ಅಲ್ಲ!

ಈ ಕೊರತೆಯನ್ನು ತುಂಬುವ ಅಧಿಕಾರ ದೆಹಲಿಯಲ್ಲಿ ಮಾತ್ರ ಇರುವುದಲ್ಲ. ಕಾರ್ಮಿಕ ವಿಷಯವು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಮನೆ ಬಾಗಿಲಿಗೆ ಊಟ, ಸಾಮಾನು ತಲುಪಿಸುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕವೇ 2025ರಲ್ಲಿ ತನ್ನದೇ ಕಾಯ್ದೆ ಮಾಡಿ, ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆಯುವ ವ್ಯವಸ್ಥೆ ತಂದಿತು. ಆ ಯುವಕರಿಗೆ ಮಾಡಿದ್ದನ್ನು ಇಟ್ಟಿಗೆ ಹೊರುವವರಿಗೆ ಮಾಡಲಾಗದೆಂದು ಹೇಳಲು ಕಾರಣ ಕಾಣುವುದಿಲ್ಲ. ರಾಜ್ಯದೊಳಗೇ ಜಿಲ್ಲೆಯಿಂದ ಜಿಲ್ಲೆಗೆ ಹೋಗುವ ಕೂಲಿಕಾರರನ್ನು ವಲಸೆ ಕಾರ್ಮಿಕರೆಂದು ಒಪ್ಪುವ ಒಂದು ವ್ಯಾಖ್ಯೆಯೇ ಮೊದಲ ಹೆಜ್ಜೆಯಾಗಬಲ್ಲದು.

ವ್ಯಾಖ್ಯೆಯ ಹಿಂದೆಯೇ ಲೆಕ್ಕ ಬರಬೇಕು. 2011ರ ಜನಗಣತಿಯು ದೇಶದಲ್ಲಿ 45 ಕೋಟಿಗೂ ಹೆಚ್ಚು ಮಂದಿ ತಾವು ಹಿಂದೆ ಇದ್ದ ಊರನ್ನು ಬಿಟ್ಟು ಬೇರೆಡೆ ನೆಲೆಸಿದ್ದಾರೆಂದು ಹೇಳಿತು. ಅದರಲ್ಲಿ ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳ ಪಾಲೇ ದೊಡ್ಡದು. ಆರು ತಿಂಗಳಿಗೆ ಹೋಗಿ ಬರುವವರು ಅಂಥ ಲೆಕ್ಕದಲ್ಲಿ ಸರಿಯಾಗಿ ಸಿಗುವುದಿಲ್ಲ. ಆ ಗಣತಿ ನಡೆದುದು ಫೆಬ್ರವರಿಯಲ್ಲಿ, ಅಂದರೆ ಗುಳೆಯ ನಡುಗಾಲದಲ್ಲಿ. ಗ್ರಾಮ ಪಂಚಾಯಿತಿಯೊಂದು ದೀಪಾವಳಿಯ ಹೊತ್ತಿಗೆ ಯಾರು, ಯಾವ ಮೇಸ್ತ್ರಿಯೊಡನೆ, ಎಲ್ಲಿಗೆ, ಎಷ್ಟು ಮಕ್ಕಳೊಡನೆ ಹೊರಡುತ್ತಾರೆಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅದು ಕೋಟಿಗಟ್ಟಲೆ ರೂಪಾಯಿಯ ತಂತ್ರಾಂಶಕ್ಕಿಂತ ಉಪಯುಕ್ತವಾದೀತು. ಆದರೆ ಆ ಪುಸ್ತಕ ಪೊಲೀಸರ ಕೈಯ ಪಟ್ಟಿಯಾಗಬಾರದು, ಸೌಲಭ್ಯ ಕಿತ್ತುಕೊಳ್ಳುವ ನೆಪವೂ ಆಗಬಾರದು. ಊರಿನಲ್ಲಿಲ್ಲವೆಂದು ಹೆಸರು ಹೊಡೆದುಹಾಕುವರೆಂಬ ಭಯವಿದ್ದರೆ ಯಾರೂ ನಿಜ ಹೇಳಿ ಹೋಗುವುದಿಲ್ಲ.

ಲೆಕ್ಕದಲ್ಲಿಲ್ಲದವರ ಪಾಡೇನೆಂಬುದು 2020ರಲ್ಲಿ ಎಲ್ಲರಿಗೂ ಕಂಡಿತು. ಮಾರ್ಚ್ 25ರಿಂದ ದೇಶವೇ ಬೀಗ ಹಾಕಿಕೊಂಡಾಗ ಜನ ಹೆದ್ದಾರಿಗಳಲ್ಲಿ ಮಕ್ಕಳನ್ನು ಹೊತ್ತು ನಡೆದರು. ಮೇ ತಿಂಗಳ ಮೊದಲ ವಾರದಲ್ಲಿ ನಮ್ಮ ರಾಜ್ಯ ಸರ್ಕಾರವು ಹೊರರಾಜ್ಯದ ಕಾರ್ಮಿಕರನ್ನು ಊರಿಗೆ ಕರೆದೊಯ್ಯುವ ರೈಲುಗಳನ್ನು ನಿಲ್ಲಿಸುವಂತೆ ಕೋರಿ, ಟೀಕೆ ಬಂದ ಮೇಲೆ ಎರಡು ಮೂರು ದಿನಗಳಲ್ಲಿ ಮತ್ತೆ ಒಪ್ಪಿತು. ಕಟ್ಟಡ ಕೆಲಸ ನಿಲ್ಲಬಾರದೆಂಬ ಚಿಂತೆ ಅಂದು ಮನುಷ್ಯರ ಚಿಂತೆಗಿಂತ ಮುಂದಾಗಿತ್ತು. ಸುಪ್ರೀಂ ಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡು, 2021ರ ಜೂನ್ 29ರ ತೀರ್ಪಿನಲ್ಲಿ ಎಲ್ಲ ರಾಜ್ಯಗಳೂ ಪಡಿತರವನ್ನು ಎಲ್ಲಿಯಾದರೂ ಪಡೆಯುವ ವ್ಯವಸ್ಥೆ ಜಾರಿಗೊಳಿಸಬೇಕೆಂದೂ, ಅಸಂಘಟಿತ ಕಾರ್ಮಿಕರ ನೋಂದಣಿಗೆ ಜಾಲತಾಣ ತೆರೆಯಬೇಕೆಂದೂ ಆದೇಶಿಸಿತು. ಅದೇ ವರುಷದ ಆಗಸ್ಟಿನಲ್ಲಿ ಇ-ಶ್ರಮ್ ಬಂದಿತು. ಮೂವತ್ತು ಕೋಟಿಗೂ ಹೆಚ್ಚು ಮಂದಿ ಅದರಲ್ಲಿ ಹೆಸರು ಬರೆಸಿದ್ದಾರೆ. ಹೆಸರು ಬರೆಸಿದವರಿಗೆ ಅದರಿಂದ ಏನು ದೊರೆಯಿತೆಂದು ಕೇಳಿದರೆ ಹೆಚ್ಚಿನವರು ಒಂದು ಕಾರ್ಡನ್ನು ತೋರಿಸುತ್ತಾರೆ.

ಮಕ್ಕಳ ವಿಷಯದಲ್ಲಿ ಕೊಂಚ ನಿಂತು ಮಾತನಾಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯು ವಲಸೆ ಕುಟುಂಬಗಳ ಮಕ್ಕಳಿಗೆ ಶಾಲೆಯಲ್ಲಿ ಪ್ರವೇಶ ದೊರಕಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು ಸ್ಪಷ್ಟವಾಗಿ ಹೇಳಿದೆ. ವರ್ಗಾವಣೆ ಪತ್ರ ತಡವಾಯಿತೆಂದು, ವಯಸ್ಸಿನ ದಾಖಲೆಯಿಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಕರ್ನಾಟಕದ ಪ್ರತಿ ಮಗುವಿಗೂ ಎಸ್‌ಎಟಿಎಸ್ ಸಂಖ್ಯೆಯಿದೆ. ಸುರಪುರದ ಶಾಲೆಯಿಂದ ಜನವರಿಯಲ್ಲಿ ಮರೆಯಾದ ಮಗು ಬೆಂಗಳೂರಿನ ಯಾವ ಶಾಲೆಗೆ ಬಂದಿತು, ಬಂದಿತೋ ಇಲ್ಲವೋ ಎಂದು ತಿಳಿಯಲು ಬೇಕಾದ ಸಾಧನ ಸರ್ಕಾರದ ಬಳಿ ಆಗಲೇ ಇದೆ. ಕಟ್ಟಡದ ಬಳಿಯೇ ಟೆಂಟ್ ಶಾಲೆಗಳನ್ನು ನಡೆಸಿದ ಅನುಭವವೂ ಇದೆ. ಇಲ್ಲದಿರುವುದು ಕೇಳುವವರು. ಊರಿನ ಶಿಕ್ಷಕರು ಮಗುವಿನ ಹೆಸರನ್ನು ಉಳಿಸಿಕೊಂಡು ಕಾಯುತ್ತಾರೆ, ನಗರದ ಶಿಕ್ಷಕರು ನಾಲ್ಕು ತಿಂಗಳಿಗೆ ಬರುವ ಮಗುವನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತಾರೆ. ಆ ಮಗು ತಮ್ಮನನ್ನೋ ತಂಗಿಯನ್ನೋ ಜೋಳಿಗೆಯಲ್ಲಿ ತೂಗುತ್ತ ಮರಳಿನ ರಾಶಿಯ ಬಳಿ ಕುಳಿತಿರುತ್ತದೆ. ಎರಡು ವರುಷ ಹೀಗಾದರೆ ಮೂರನೆಯ ವರುಷ ಅದು ಶಾಲೆಯ ಮಗುವಾಗಿರುವುದಿಲ್ಲ, ಕೂಲಿಯಾಗಿರುತ್ತದೆ. ಹೆಣ್ಣುಮಗುವಾದರೆ ಬೇಗ ಮದುವೆಯೂ ಆಗಿಬಿಡುತ್ತದೆ.

ಬೇರೆ ರಾಜ್ಯಗಳು ಎರಡು ದಾರಿ ಹಿಡಿದಿವೆ. ಒಡಿಶಾದ ನುವಾಪಡ, ಬಲಾಂಗೀರ್ ಮುಂತಾದ ಕಡೆ ತಂದೆತಾಯಿ ಇಟ್ಟಿಗೆ ಗೂಡಿಗೆ ಹೋಗುವ ತಿಂಗಳುಗಳಲ್ಲಿ ಮಕ್ಕಳನ್ನು ಊರಿನಲ್ಲಿಯೇ ಇರಿಸಿಕೊಳ್ಳುವ ಹಂಗಾಮಿ ವಸತಿ ನಿಲಯಗಳನ್ನು ನಡೆಸಿದ್ದಾರೆ. ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ 2017ರಿಂದ ರೋಶನಿ ಎಂಬ ಕಾರ್ಯಕ್ರಮವು ಹೊರರಾಜ್ಯದ ಮಕ್ಕಳಿಗೆ ಅವರ ನುಡಿ ಬಲ್ಲವರ ನೆರವಿನಿಂದ ಅಲ್ಲಿನ ಸರ್ಕಾರಿ ಶಾಲೆಯಲ್ಲಿಯೇ ಕಲಿಸುತ್ತಿದೆ. ಕೇರಳವು ವಲಸೆ ಕಾರ್ಮಿಕರನ್ನು ಅತಿಥಿ ಕಾರ್ಮಿಕರೆಂದು ಕರೆಯುತ್ತದೆ. ಹೆಸರಿನಲ್ಲೇನಿದೆ ಎನ್ನುವವರು, ಆ ಹೆಸರಿನ ಹಿಂದೆ ಆವಾಜ್ ಎಂಬ ಆರೋಗ್ಯ ವಿಮೆಯೂ, ಪಾಲಕ್ಕಾಡಿನ ಕಂಜಿಕ್ಕೋಡಿನಲ್ಲಿ ಕಾರ್ಮಿಕರಿಗೆಂದು ಕಟ್ಟಿದ ವಸತಿ ನಿಲಯವೂ ಇರುವುದನ್ನು ಗಮನಿಸಬೇಕು.

ಮೊದಲನೆಯ ದಾರಿ ನಮ್ಮ ಮಠಗಳಿಗೆ ಅಪರಿಚಿತವಲ್ಲ. ಉಚಿತ ಪ್ರಸಾದ ನಿಲಯಗಳೆಂಬ ಕಲ್ಪನೆಯೇ ಊರಿನಲ್ಲಿ ಓದಲಾಗದ ಬಡ ಮಕ್ಕಳಿಗಾಗಿ ಹುಟ್ಟಿದುದು. ಸಿದ್ಧಗಂಗೆಯಲ್ಲಿ ಜಾತಿಮತ ಕೇಳದೆ ಸಾವಿರಾರು ಮಕ್ಕಳು ಉಂಡು ಓದಿದ್ದನ್ನು ನಾಡೇ ಕಂಡಿದೆ. ಆದರೆ ನಮ್ಮ ನಿಲಯಗಳ ಬಾಗಿಲು ಜೂನ್ ತಿಂಗಳಿನಲ್ಲಿ ತೆರೆದು, ಪ್ರವೇಶ ಮುಗಿದೊಡನೆ ಮುಚ್ಚುತ್ತದೆ. ಗುಳೆಯ ಮಗುವಿಗೆ ನೆಲೆ ಬೇಕಾಗುವುದು ನವೆಂಬರಿನಿಂದ ಮೇವರೆಗೆ. ಸರ್ಕಾರವು ಧಾನ್ಯ ಮತ್ತು ವೆಚ್ಚದ ಪಾಲನ್ನು ಕೊಟ್ಟು, ಮಠಗಳು ಜಾಗ ಮತ್ತು ಮೇಲ್ವಿಚಾರಣೆ ಕೊಡುವ ಏರ್ಪಾಡು ಸಾಧ್ಯವಿದೆ. ಹೀಗೆ ಹೇಳುವಾಗ ಹೊಣೆಯನ್ನು ಸರ್ಕಾರದ ಹೆಗಲಿನಿಂದ ಇಳಿಸುವುದು ನಮ್ಮ ಉದ್ದೇಶವಲ್ಲ. ದಾಸೋಹವು ಹಕ್ಕಿಗೆ ಪರ್ಯಾಯವಲ್ಲ. ಮಠದ ಬಾಗಿಲಿಗೆ ಬಂದ ಮಗುವಿಗೆ ದೊರೆಯುವುದು ಬಾರದ ಮಗುವಿಗೂ ದೊರೆಯಬೇಕಾದರೆ ಅದಕ್ಕೆ ಕಾನೂನೇ ಬೇಕು.

ಕಟ್ಟಡ ಕಾರ್ಮಿಕರಿಗೆ ಹಣದ ಕೊರತೆಯಿಲ್ಲ ಎಂದರೆ ಓದುಗರು ನಂಬಲಿಕ್ಕಿಲ್ಲ. 1996ರ ಕಾಯ್ದೆಯು ಆರಂಭಿಸಿದ ವ್ಯವಸ್ಥೆಯಂತೆ ಪ್ರತಿ ದೊಡ್ಡ ನಿರ್ಮಾಣದ ವೆಚ್ಚದಲ್ಲಿ ಶೇಕಡಾ 1ರಷ್ಟು ಸೆಸ್ ಸಂಗ್ರಹವಾಗಿ ಕಲ್ಯಾಣ ಮಂಡಳಿಗೆ ಸೇರುತ್ತದೆ. ರಾಜ್ಯಗಳಲ್ಲಿ ಈ ಹಣ ರಾಶಿಬಿದ್ದಿರುವುದನ್ನು ಕಂಡು ಸುಪ್ರೀಂ ಕೋರ್ಟು 2018ರಲ್ಲಿ ಕಟುವಾಗಿ ಮಾತನಾಡಿತು. ಮಂಡಳಿಯಲ್ಲಿ ಹೆಸರು ಬರೆಸಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ಮೂರು ಕಡೆ ಮೂರು ಮೇಸ್ತ್ರಿಗಳ ಕೈಕೆಳಗೆ ಮೂವತ್ತು ಮೂವತ್ತು ದಿನ ದುಡಿದವನಿಗೆ ಅದನ್ನು ಬರೆದುಕೊಡುವವರು ಯಾರು? ಅತ್ತ ಎಂದೂ ಬುಟ್ಟಿ ಹಿಡಿಯದವರ ಕೈಯಲ್ಲಿ ನಕಲಿ ಕಾರ್ಡುಗಳಿವೆ, ಇತ್ತ ನಿಜವಾಗಿ ದುಡಿದವನ ಕೈ ಬರಿದಾಗಿದೆ. ನಿರ್ಮಾಣಕ್ಕೆ ಪರವಾನಗಿ ಕೊಡುವ ಕಚೇರಿಯಿಂದಲೇ ಕಾರ್ಮಿಕ ಇಲಾಖೆಯವರು ಸ್ಥಳಕ್ಕೆ ಹೋಗಿ ನೋಂದಣಿ ಮಾಡುವ ನಿಯಮ ಬಂದರೆ ಈ ಅಡ್ಡಿ ಬಹುಮಟ್ಟಿಗೆ ಕರಗುತ್ತದೆ.

ಕಬ್ಬು ಕಡಿಯುವವರ ಬವಣೆ ಇನ್ನೂ ಕಠಿಣ. ಮಹಾರಾಷ್ಟ್ರದ ಬೀಡ್ ಮುಂತಾದ ಜಿಲ್ಲೆಗಳಿಂದ ಬಂದ ಜೋಡಿಗಳು ನಮ್ಮ ಬೆಳಗಾವಿ, ಬಾಗಲಕೋಟೆಯ ಹೊಲಗಳಲ್ಲಿ ಕಬ್ಬು ಕಡಿಯುತ್ತಾರೆ. ನಮ್ಮ ತಾಂಡಾಗಳವರು ಅವರ ಸೀಮೆಗೆ ಹೋಗುತ್ತಾರೆ. ಹಂಗಾಮಿಗೆ ಮುನ್ನವೇ ಮುಕಾದಮನು ಮುಂಗಡ ಕೊಟ್ಟಿರುತ್ತಾನೆ. ಆ ಮುಂಗಡ ತೀರುವವರೆಗೆ ಕಾಯಿಲೆ, ಬಾಣಂತನ ಯಾವುದಕ್ಕೂ ಬಿಡುವಿಲ್ಲ. ಒಂದು ದಿನ ತಪ್ಪಿದರೂ ದಂಡ. ಬೀಡ್ ಜಿಲ್ಲೆಯ ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲಿಯೇ ಗರ್ಭಕೋಶ ತೆಗೆಸಿಕೊಳ್ಳುತ್ತಿರುವ ಸುದ್ದಿ 2019ರಲ್ಲಿ ಹೊರಬಿದ್ದು, ಅಲ್ಲಿನ ಸರ್ಕಾರ ವಿಚಾರಣಾ ಸಮಿತಿ ನೇಮಿಸಬೇಕಾಯಿತು. ಅದರ ಬಳಿಕ ಮಹಾರಾಷ್ಟ್ರವು ಕಬ್ಬು ಕಡಿಯುವವರ ಕಲ್ಯಾಣ ಮಹಾಮಂಡಳಕ್ಕೆ ಕಾರ್ಖಾನೆಗಳಿಂದ ಟನ್ ಕಬ್ಬಿಗೆ 10 ರೂಪಾಯಿಯಂತೆ ಹಣ ಪಡೆದು, ಅಷ್ಟನ್ನೇ ಸರ್ಕಾರವೂ ಸೇರಿಸುವ ಕ್ರಮ ತಂದಿತು. ಅವರ ಮಕ್ಕಳಿಗೆ ವಸತಿ ನಿಲಯಗಳನ್ನೂ ಘೋಷಿಸಿತು. ದೇಶದ ಪ್ರಮುಖ ಸಕ್ಕರೆ ನಾಡುಗಳಲ್ಲಿ ಒಂದಾದ ಕರ್ನಾಟಕವು ನೆರೆಯವರ ಈ ಮಾದರಿಯನ್ನು ಅಭ್ಯಸಿಸಬೇಕು. ಮುಂಗಡದ ಹೆಸರಿನಲ್ಲಿ ದುಡಿಯುವವರನ್ನು ಕಟ್ಟಿಹಾಕುವುದು 1976ರ ಜೀತ ನಿರ್ಮೂಲನ ಕಾಯ್ದೆಯಡಿ ಅಪರಾಧವೆಂಬುದನ್ನೂ ಕಾರ್ಖಾನೆಯವರು ಮರೆಯಬಾರದು.

ಇಲ್ಲಿ ನಮ್ಮವರಿಗೆ ಹೇಳಬೇಕಾದ ಮಾತೊಂದಿದೆ. ನಮ್ಮ ಭಕ್ತರಲ್ಲಿ ಗುಳೆ ಹೋಗುವವರಿದ್ದಾರೆ. ಅವರನ್ನು ದುಡಿಸಿಕೊಳ್ಳುವ ಗುತ್ತಿಗೆದಾರರು, ಇಟ್ಟಿಗೆ ಭಟ್ಟಿಯ ಒಡೆಯರು, ಕಾರ್ಖಾನೆಗಳ ನಿರ್ದೇಶಕರು, ಕಾಫಿ ತೋಟದ ಮಾಲೀಕರೂ ಇದ್ದಾರೆ. ಕಾಯಕವನ್ನು ಪೂಜೆಯೆಂದು ನಂಬಿದವರು ಕಾಯಕ ಮಾಡಿದವನ ಕೂಲಿಯನ್ನು ತಡೆಹಿಡಿಯುವುದು ಹೇಗೆ? ಜಾತ್ರೆಯ ದಾಸೋಹಕ್ಕೆ ಕ್ವಿಂಟಲುಗಟ್ಟಲೆ ಅಕ್ಕಿ ಕೊಡುವವರ ಕಟ್ಟಡದಲ್ಲಿ ಕೂಲಿಯವರಿಗೆ ಶೌಚಾಲಯವಿಲ್ಲದಿದ್ದರೆ, ಆ ಅಕ್ಕಿಗಿಂತ ಮೊದಲು ಶೌಚಾಲಯವನ್ನು ಕಟ್ಟಿಸಿರೆಂದು ನಾವು ವಿನಂತಿಸುತ್ತೇವೆ. ಇದನ್ನು ಕಠಿಣವಾದ ಮಾತೆಂದು ಯಾರೂ ಭಾವಿಸಬಾರದು.

ನಮ್ಮ ಜನ ಹೊರಗೆ ಹೋಗುವವರು ಮಾತ್ರವಲ್ಲ, ಹೊರಗಿನವರನ್ನು ಬರಮಾಡಿಕೊಳ್ಳುವವರೂ ಹೌದು. ಕೊಡಗಿನ ತೋಟಗಳಲ್ಲಿ ಅಸ್ಸಾಮಿನವರು, ಮಲ್ಪೆಯ ದೋಣಿಗಳಲ್ಲಿ ಒಡಿಶಾ, ಜಾರ್ಖಂಡಿನವರು, ಬೆಂಗಳೂರಿನಲ್ಲಿ ಇಡೀ ದೇಶದವರು ದುಡಿಯುತ್ತಾರೆ. ಗೋವೆಯ ಬೈನಾದಲ್ಲಿ ಕನ್ನಡಿಗರ ಗುಡಿಸಲುಗಳನ್ನು ಕೆಡವಿದಾಗ ನಮ್ಮೆಲ್ಲರಿಗೂ ನೋವಾಯಿತು. ನಮ್ಮವರಿಗೆ ಗೋವೆಯಲ್ಲಿ ಏನು ದೊರೆಯಬೇಕೆಂದು ಬಯಸುತ್ತೇವೆಯೋ ಅದನ್ನು ಇಲ್ಲಿಗೆ ಬಂದವರಿಗೆ ಕೊಡದೆ ಕೇಳುವುದು ಕಷ್ಟ. ಕರ್ನಾಟಕವು ಮಹಾರಾಷ್ಟ್ರ, ಗೋವಾ, ತೆಲಂಗಾಣಗಳೊಡನೆ ಕೂಲಿಕಾರರ ಬಗ್ಗೆಯೇ ಪ್ರತ್ಯೇಕ ಒಪ್ಪಂದಗಳನ್ನು ಮಾಡಿಕೊಂಡು, ಅಲ್ಲಿ ಕನ್ನಡ ಬಲ್ಲ ಕಾರ್ಮಿಕ ಅಧಿಕಾರಿಗಳನ್ನು ಇರಿಸಿದರೆ ಕೂಲಿ ಮುಳುಗಿದಾಗ ಹೋಗಿ ಕೇಳಲು ಒಂದು ಬಾಗಿಲಾದರೂ ಇರುತ್ತದೆ.

ಇನ್ನು ಊರಿನಲ್ಲಿಯೇ ಕೆಲಸ ಸೃಷ್ಟಿಸುವ ಮಾತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದವು. ಅದರ ನಂತರ ಸಂವಿಧಾನಕ್ಕೆ 371ಜೆ ವಿಧಿ ಸೇರಿತು, ಪ್ರದೇಶಾಭಿವೃದ್ಧಿ ಮಂಡಳಿ ಬಂದಿತು, ವರುಷಕ್ಕೆ 5,000 ಕೋಟಿ ರೂಪಾಯಿಯ ಘೋಷಣೆಗಳೂ ಆದವು. ರಸ್ತೆ, ಕಟ್ಟಡಗಳು ಎದ್ದಿವೆ. ಆ ಹಣದ ಯಶಸ್ಸನ್ನು ಕಟ್ಟಡಗಳಿಂದ ಅಳೆಯದೆ, ಈ ವರುಷ ಎಷ್ಟು ಮನೆಗಳಿಗೆ ಬೀಗ ಬೀಳಲಿಲ್ಲವೆಂಬುದರಿಂದ ಅಳೆದರೆ ಖರ್ಚಿನ ದಿಕ್ಕೇ ಬದಲಾದೀತು. ಉದ್ಯೋಗ ಖಾತರಿಯ ಕೂಲಿ ತಡವಾಗಿ ಬಂದರೆ ಜನ ಅದಕ್ಕೆ ಕಾಯುವುದಿಲ್ಲ, ಬಸ್ಸು ಹತ್ತುತ್ತಾರೆ. ಕೆಲಸವನ್ನು ತೊಗರಿಯ ರಾಶಿ ಮುಗಿಯುವ ವಾರದಲ್ಲಿಯೇ ಆರಂಭಿಸಬೇಕು, ಮಾರ್ಚಿನಲ್ಲಿ ಆರಂಭಿಸಿದರೆ ಊರಿನಲ್ಲಿ ದುಡಿಯುವವರೇ ಇರುವುದಿಲ್ಲ.

ಯುಗಾದಿಗೆ, ಊರ ಜಾತ್ರೆಗೆ ಗುಳೆ ಹೋದವರು ಕೆಲವು ದಿನಗಳ ಮಟ್ಟಿಗೆ ಮರಳುತ್ತಾರೆ. ಮಠಗಳ ಜಾತ್ರೆಗಳಲ್ಲಿ ಕೃಷಿ ಮೇಳ, ಆರೋಗ್ಯ ತಪಾಸಣೆಗಳು ನಡೆಯುತ್ತವೆ. ಅವುಗಳ ಪಕ್ಕದಲ್ಲಿ ಕಾರ್ಮಿಕ ಇಲಾಖೆ, ಆಹಾರ ಇಲಾಖೆ, ಶಿಕ್ಷಣ ಇಲಾಖೆಯವರ ಮೂರು ಮೇಜುಗಳನ್ನು ಹಾಕಿಸಲು ತಾಲ್ಲೂಕು ಆಡಳಿತವನ್ನು ಕೋರಬಹುದು. ಪಡಿತರ ಚೀಟಿಯ ದೃಢೀಕರಣ, ಕಟ್ಟಡ ಕಾರ್ಮಿಕರ ನೋಂದಣಿ, ಮಗುವಿನ ಶಾಲಾ ಸಂಖ್ಯೆ, ಈ ಮೂರನ್ನೂ ಅಲ್ಲಿಯೇ ಮುಗಿಸಿಕೊಂಡರೆ ಹೊರಡುವವರಿಗೆ ಕಚೇರಿ ಅಲೆಯುವ ಕೂಲಿ ನಷ್ಟವಾಗದು. ಕೂಲಿ ಕೊಡದೆ ಸತಾಯಿಸಿದರೆ ರಾಜ್ಯದ ಕಾರ್ಮಿಕ ಸಹಾಯವಾಣಿ 155214, ಮಕ್ಕಳನ್ನು ದುಡಿಸಿಕೊಳ್ಳುವುದು ಕಂಡರೆ 1098. ಈ ಎರಡು ಸಂಖ್ಯೆಗಳನ್ನು ರಾತ್ರಿ ಬಸ್ಸು ನಿಲ್ಲುವ ಊರ ನಿಲ್ದಾಣದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.